ಊರ ಟಾಕೀಸು ಉಳಿಯುವುದೆ?

ಯಲಹಂಕದಿಂದಲೋ ಹೆಬ್ಬಾಳದಿಂದಲೋ ಹೊರಟ ಬಸ್ಸಿನ ಕಂಡಕ್ಟರು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು ಕೂಗುವಾಗ ತಾನೊಂದು ಚಿತ್ರಮಂದಿರದ ಹೆಸರನ್ನು ಕೂಗುತ್ತಿದ್ದೇನೆಂಬ ನೆನಪು ಅವನಿಗೂ ಇರುವುದಿಲ್ಲ, ಬಸ್ಸಿನೊಳಗಿರುವವರಿಗೂ ಇರುವುದಿಲ್ಲ. ನಿಲ್ದಾಣಕ್ಕೆ ಸರ್ಕಾರವು ಇಟ್ಟ ಹೆಸರು ಕೆಂಪೇಗೌಡರದು; ಜನರ ನಾಲಗೆಯ ಮೇಲೆ ನಿಂತ ಹೆಸರು ಮಾತ್ರ ಸಮೀಪದಲ್ಲಿದ್ದ ಮೆಜೆಸ್ಟಿಕ್ ಟಾಕೀಸಿನದು. ಅದೇ ಬಸ್ಸು ಮೇಖ್ರಿ ವೃತ್ತವನ್ನು ದಾಟಿ ಅರಮನೆಯ ಮೈದಾನದ ಮಗ್ಗುಲಿಗೆ ಬಂದಾಗ ‘ಕಾವೇರಿ ಟಾಕೀಸು’ ಎಂದು ಇಳಿಯುವವರು ಇಂದಿಗೂ ಉಂಟು. ಇಳಿದವರಿಗೆ ಟಾಕೀಸು ಕಾಣದು. 1974ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದ ‘ಬಂಗಾರದ ಪಂಜರ’ದೊಡನೆ ಬಾಗಿಲು ತೆರೆದು, 1,300ಕ್ಕೂ ಹೆಚ್ಚು ಮಂದಿಯನ್ನು ಏಕಕಾಲಕ್ಕೆ ಕೂರಿಸಿಕೊಳ್ಳುತ್ತಿದ್ದ ಆ ವಿಶಾಲ ಮಂದಿರವನ್ನು, ಸರಿಯಾಗಿ ಐವತ್ತು ವರ್ಷಗಳ ಬಾಳಿನ ತರುವಾಯ, 2024ರಲ್ಲಿ ಕೆಡವಲಾಯಿತು.

ಕಟ್ಟಡವು ಹೋದ ಮೇಲೂ ಹೆಸರು ಉಳಿಯುವ ಭಾಗ್ಯ ಕೋಟೆಗೂ ದೇವಾಲಯಕ್ಕೂ ಇರುವುದು ಸಹಜ. ಎರಡೂವರೆ ಗಂಟೆಯ ವಿನೋದಕ್ಕೆಂದು ಎತ್ತಿದ ಮನೆಗೂ ಅದೇ ಭಾಗ್ಯ ದೊರೆತಿದೆಯೆಂದರೆ, ಜನಜೀವನದಲ್ಲಿ ಅದು ಪಡೆದಿದ್ದ ಸ್ಥಾನ ಸಾಮಾನ್ಯವಾದುದಲ್ಲ. ಹೀಗಿದ್ದೂ, ಒಂದು ಹಳೆಯ ಟಾಕೀಸು ನೆಲಕ್ಕುರುಳಿದ ದಿನ ನಿಟ್ಟುಸಿರು ಬಿಡುವವರು ಅನೇಕರು; ಅದು ನಡೆಯುತ್ತಿದ್ದ ಕೊನೆಯ ವರ್ಷ ಒಳಗೆ ಹೋಗಿ ಕುಳಿತವರು ಕೆಲವರೇ. ಟಾಕೀಸುಗಳ ಉಳಿವಿನ ಪ್ರಶ್ನೆಯೆಲ್ಲ ಈ ಎರಡು ಮಾತುಗಳ ನಡುವಣ ಅಂತರದಲ್ಲಿ ಅಡಗಿದೆ.

ಡೇರೆಯಿಂದ ಕಟ್ಟಡಕ್ಕೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯಿದ್ದ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ. ವೈ.ವಿ. ರಾವ್ ಅವರು ನಿರ್ದೇಶಿಸಿದ, ಆರ್. ನಾಗೇಂದ್ರರಾಯರು ರಾವಣನಾಗಿಯೂ ಎಂ.ವಿ. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತುವಾಗಿಯೂ ತ್ರಿಪುರಾಂಬಾ ಅವರು ಸುಲೋಚನೆಯಾಗಿಯೂ ನಟಿಸಿದ ಆ ಚಿತ್ರವು ತಯಾರಾದುದು ಕೊಲ್ಹಾಪುರದಲ್ಲಿ. ಚಿತ್ರ ತೆಗೆಯಲು ಕನ್ನಡ ನಾಡಿನಲ್ಲಿ ಇನ್ನೂ ಸೌಕರ್ಯವಿಲ್ಲದ ಆ ದಿನಗಳಲ್ಲಿ, ತೆಗೆದ ಚಿತ್ರವನ್ನು ನೋಡಲು ಮಾತ್ರ ಜನರು ಸಿದ್ಧರಾಗಿದ್ದರು.

ಸಣ್ಣ ಊರುಗಳಿಗೆ ಸಿನಿಮಾ ಬಂದುದು ಕಟ್ಟಡದ ರೂಪದಲ್ಲಿ ಅಲ್ಲ, ಡೇರೆಯ ರೂಪದಲ್ಲಿ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರ ಟೆಂಟು ಏಳುತ್ತಿತ್ತು. ಒಂದೇ ಯಂತ್ರವಿದ್ದುದರಿಂದ ಒಂದೊಂದು ಸುರುಳಿ ಮುಗಿದಾಗಲೂ ದೀಪ ಹೊತ್ತಿಸಿ, ಮುಂದಿನ ಸುರುಳಿ ಏರಿಸುವವರೆಗೆ ಜನರು ಮಾತಿನಲ್ಲೋ ಕಡಲೆಕಾಯಿಯಲ್ಲೋ ಮಗ್ನರಾಗುತ್ತಿದ್ದರು. ಹಗಲು ಜಟಕಾದ ಮೇಲೆ ತಮಟೆ ಬಾರಿಸುತ್ತ, ಬಣ್ಣಬಣ್ಣದ ಹ್ಯಾಂಡ್‌ಬಿಲ್ಲು ತೂರುತ್ತ ಹೋಗುವ ಪ್ರಚಾರ. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲ ಅವರ ಕಂಠದ ವೆಂಕಟೇಶ್ವರ ಸ್ತುತಿ. ಆ ಸ್ತುತಿ ಕೇಳಿತೆಂದರೆ ಟಿಕೆಟು ಕೊಡಲು ಮೊದಲಾಯಿತೆಂದು ಅರ್ಥ. ಅಡಿಗೆ ಮನೆಯಲ್ಲಿದ್ದ ತಾಯಂದಿರು ಒಲೆಯ ಬೆಂಕಿಯನ್ನು ಆರಿಸಿ ಹೊರಡುತ್ತಿದ್ದರು.

ಊರು ಬೆಳೆದಂತೆ ಟೆಂಟಿನ ಜಾಗಕ್ಕೆ ತಗಡಿನ ಮಾಡು ಬಂದಿತು; ತಗಡಿನ ಮಾಡಿನ ಜಾಗಕ್ಕೆ ಸುಣ್ಣ ಗಾರೆಯ ಕಟ್ಟಡ ಬಂದಿತು. 1964ರಲ್ಲಿ ರಾಜ್ಯವು ಸಿನಿಮಾ ನಿಯಂತ್ರಣಕ್ಕಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಖಾಯಂ ಚಿತ್ರಮಂದಿರಕ್ಕೊಂದು ಬಗೆಯ ಪರವಾನಗಿ, ಊರೂರು ತಿರುಗುವ ಟೂರಿಂಗ್ ಟಾಕೀಸಿಗೆ ಇನ್ನೊಂದು ಬಗೆಯದು. ತಾಲ್ಲೂಕು ಕೇಂದ್ರದಲ್ಲಿ ಖಾಯಂ ಟಾಕೀಸು ತಲೆಯೆತ್ತುವುದೆಂದರೆ ಊರಿಗೆ ಒಂದು ಬಗೆಯ ಬಡ್ತಿ. ಹೈಸ್ಕೂಲು, ಆಸ್ಪತ್ರೆ, ಟಾಕೀಸು ಈ ಮೂರೂ ಇದ್ದ ಊರು ಹಳ್ಳಿಯೆನಿಸಿಕೊಳ್ಳುತ್ತಿರಲಿಲ್ಲ.

ಇಂದು ಬೆಂಗಳೂರಿನ ಉತ್ತರ ಭಾಗವೆಂದು ಕರೆಯಿಸಿಕೊಳ್ಳುವ ಪ್ರದೇಶವೂ ಹಿಂದೆ ಇಂಥ ಊರುಗಳ ಸಮೂಹವೇ ಆಗಿತ್ತು. ಯಲಹಂಕವಂತೂ ನಾಡಪ್ರಭುಗಳ ಮೂಲಸ್ಥಾನ. ಬೆಂಗಳೂರಿಗಿಂತ ಹಳೆಯ ಪಟ್ಟಣ. 2007ರಲ್ಲಿ ಬೃಹತ್ ಬೆಂಗಳೂರು ರಚನೆಯಾಗುವವರೆಗೂ ಅದಕ್ಕೆ ತನ್ನದೇ ನಗರಸಭೆಯಿತ್ತು. ಹೆಬ್ಬಾಳ ಒಂದು ದೊಡ್ಡ ಕೆರೆಯ ದಡದ ಹಳ್ಳಿ. ಯಶವಂತಪುರ ರೈಲ್ವೆ ಜಂಕ್ಷನ್ನು, ಮಂಡಿಗಳ ಊರು. ಅದರಾಚೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಕಾರ್ಖಾನೆಗಳು ಸ್ಥಾಪನೆಯಾದುವು, ಯಲಹಂಕದಲ್ಲಿ 1984ರಲ್ಲಿ ರೈಲ್ವೆಯ ಗಾಲಿ ಕಾರ್ಖಾನೆ ಪ್ರಾರಂಭವಾಯಿತು. ಪಾಳಿ ಮುಗಿಸಿ ಬಂದ ಕಾರ್ಮಿಕರ ಸಂಸಾರಗಳಿಗೆ ಭಾನುವಾರದ ಮ್ಯಾಟಿನಿಯೇ ವಾರದ ಹಬ್ಬ. ರವೀಂದ್ರನಾಥ ಠಾಕೂರರ ಹೆಸರು ಹೊತ್ತ ಆರ್.ಟಿ. ನಗರದಲ್ಲಿ ಪುಷ್ಪಾಂಜಲಿ, ರಾಧಾಕೃಷ್ಣ. ಸಂಜಯನಗರದಲ್ಲಿ ವೈಭವ್: ಹೊಸ ಬಡಾವಣೆಗಳಿಗೆ ಬಂದು ನೆಲೆಸಿದವರು ನೆಂಟರಿಷ್ಟರಿಗೆ ಮನೆಯ ಗುರುತು ಹೇಳುತ್ತಿದ್ದುದು ಈ ಟಾಕೀಸುಗಳಿಂದ ಎಣಿಸಿಕೊಂಡೇ. ‘ಟಾಕೀಸಿನ ಹಿಂದಿನ ಬೀದಿ, ಬಲಗಡೆ ಮೂರನೆಯ ಮನೆ’ ಎಂದರೆ ಸಾಕಾಗಿತ್ತು.

ಒಂದೇ ಸೂರು, ನಾಲ್ಕು ದರ್ಜೆ

ಟಾಕೀಸು ಸಮಾನತೆಯ ದೇಗುಲವಾಗಿತ್ತೆಂದು ಹೊಗಳಿದರೆ ಉತ್ಪ್ರೇಕ್ಷೆಯಾದೀತು. ತೆರೆಯ ಮುಂದಿನ ನೆಲಕ್ಕೂ ಬೆಂಚಿಗೂ ‘ಗಾಂಧಿ ಕ್ಲಾಸು’ ಎಂದು ಜನರೇ ಹೆಸರಿಟ್ಟರು. ಅದರ ಹಿಂದೆ ಎರಡನೆಯ ದರ್ಜೆ, ಆ ಮೇಲೆ ಕುರ್ಚಿ, ಎಲ್ಲಕ್ಕೂ ಮೇಲೆ ಬಾಲ್ಕನಿ. ದುಡ್ಡು ಕಡಿಮೆಯಾದಷ್ಟೂ ತೆರೆಗೆ ಹತ್ತಿರ, ಕತ್ತಿಗೆ ನೋವು. ಹೆಂಗಸರಿಗೆ ಟಿಕೆಟಿನ ಬೇರೆ ಕಿಟಕಿ. ಕೆಲವೆಡೆ ಕೂರಲು ಬೇರೆ ಸಾಲುಗಳೇ ಇದ್ದುವು. ಆದರೂ ವಕೀಲರೂ ಗಾಡಿ ಹೊಡೆಯುವವನೂ ಒಂದೇ ಹೊತ್ತಿನಲ್ಲಿ, ಒಂದೇ ಸೂರಿನಡಿಯಲ್ಲಿ, ಒಂದೇ ಹಾಸ್ಯಕ್ಕೆ ನಗುವ ಇನ್ನೊಂದು ಸ್ಥಳ ಆಗಿನ ಊರಿನಲ್ಲಿ ಅಪರೂಪ. ದೇವಾಲಯಗಳಲ್ಲಿ ಯಾರು ಎಲ್ಲಿಯವರೆಗೆ ಬರಬಹುದೆಂಬ ಕಟ್ಟುಪಾಡಿತ್ತು. ಟಾಕೀಸಿನ ಬಾಗಿಲಿನಲ್ಲಿ ಗೇಟ್‌ಕೀಪರು ಕೇಳುತ್ತಿದ್ದುದು ಟಿಕೆಟನ್ನೇ ಹೊರತು ಕುಲವನ್ನಲ್ಲ. ಈ ಒಂದು ಕಾರಣಕ್ಕಾದರೂ ಊರಿನ ಇತಿಹಾಸವನ್ನು ಬರೆಯುವವರು ಟಾಕೀಸನ್ನು ಬಿಟ್ಟು ಬರೆಯುವಂತಿಲ್ಲ.

ಹಳೆಯ ಟಾಕೀಸನ್ನು ನೋಡುವ ಬಗೆ

ಹಂಪೆ ಬೇಲೂರುಗಳನ್ನು ನೋಡುವ ಬಗೆಯನ್ನು ಹೇಳಿಕೊಡಲು ಮಾರ್ಗದರ್ಶಿಗಳುಂಟು. ಊರ ಟಾಕೀಸನ್ನು ನೋಡುವ ಬಗೆಯನ್ನು ಯಾರೂ ಹೇಳಿಕೊಟ್ಟಿಲ್ಲ. ಬೆಂಗಳೂರಿನ ಉತ್ತರದಲ್ಲಿ ನೆಲೆಸಿದವರಿಗೆ ಇದು ಸುಲಭದ ಪ್ರವಾಸ. ಯಶವಂತಪುರದಿಂದ ತುಮಕೂರಿನ ರಸ್ತೆ, ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ, ಹೆಬ್ಬಾಳದಿಂದ ದೇವನಹಳ್ಳಿ ಚಿಕ್ಕಬಳ್ಳಾಪುರಗಳ ರಸ್ತೆ: ಮೂರು ದಾರಿಗಳೂ ಸಣ್ಣ ಊರುಗಳಿಗೇ ಹೋಗುತ್ತವೆ. ಊರನ್ನು ಮುಟ್ಟಿ, ಹಳೆಯ ಬಸ್ ನಿಲ್ದಾಣದ ಸುತ್ತಮುತ್ತ ವಯಸ್ಸಾದ ಅಂಗಡಿಯವರೊಬ್ಬರನ್ನು ಕೇಳಿದರೆ ಸಾಕು. ನಡೆಯುತ್ತಿರುವ ಟಾಕೀಸು, ಮುಚ್ಚಿದ ಟಾಕೀಸು, ಗೋದಾಮಾದ ಟಾಕೀಸು, ಕಲ್ಯಾಣ ಮಂಟಪವಾದ ಟಾಕೀಸು, ಎಲ್ಲದರ ವೃತ್ತಾಂತವೂ ದೊರೆಯುತ್ತದೆ.

ಮೊದಲು ಮುಂಭಾಗವನ್ನು ನೋಡಬೇಕು. ಸುಮಾರು 1930ರಿಂದ 1960ರ ವರೆಗಿನ ಕಟ್ಟಡಗಳಲ್ಲಿ ದುಂಡಗೆ ತಿರುಗಿದ ಮೂಲೆಗಳು, ಅಡ್ಡಕ್ಕೆ ಓಡುವ ಗಾರೆಯ ಪಟ್ಟಿಗಳು, ನಡುವೆ ನೆಟ್ಟಗೆ ಎದ್ದ ಗೋಪುರದಂಥ ಫಲಕ, ಅದರ ಮೇಲೆ ಸಿಮೆಂಟಿನಲ್ಲಿ ಮೂಡಿಸಿದ ಅಕ್ಷರಗಳು, ಹಡಗಿನ ಕಿಟಕಿಯಂಥ ಗುಂಡು ಗವಾಕ್ಷಿಗಳು ಕಾಣುತ್ತವೆ. ಮುಂಬಯಿಯ ರೀಗಲ್, ಈರೋಸ್ ಮುಂತಾದ ಮಂದಿರಗಳಲ್ಲಿ ವಿಜೃಂಭಿಸಿದ ಆರ್ಟ್ ಡೆಕೊ ಶೈಲಿಯನ್ನು ಊರಿನ ಗಾರೆಯವರು ತಮ್ಮ ಕೈಗೆ ಬಂದಂತೆ ಅರ್ಥೈಸಿಕೊಂಡು ಮಾಡಿದ ಕೆಲಸವಿದು. ಪರದೇಶದ ರೇಖೆಗಳ ಪಕ್ಕದಲ್ಲಿ ನಮ್ಮ ಕಮಲ, ನವಿಲು, ಗಜಲಕ್ಷ್ಮಿಯರು ಬಂದು ಸೇರಿಕೊಂಡಿರುವುದೂ ಉಂಟು. ಜರ್ಮನಿಯ ಛಾಯಾಗ್ರಾಹಕಿಯರಾದ ಸಬೀನ್ ಹೌಬಿಟ್ಸ್ ಮತ್ತು ಸ್ಟೆಫನಿ ಝೋಖೆ ಅವರು 2010ರ ದಶಕದಲ್ಲಿ ದಕ್ಷಿಣ ಭಾರತವನ್ನು ಸುತ್ತಿ ಇಂಥ ಚಿತ್ರಮಂದಿರಗಳ ಚಿತ್ರಗಳನ್ನು ತೆಗೆದು ಗ್ರಂಥವಾಗಿ ಪ್ರಕಟಿಸಿದರು. ದಿನವೂ ಅದರ ಮುಂದೆ ಹಾದುಹೋಗುವ ನಮಗೆ ಕಾಣದ ಚೆಲುವು ಸಾವಿರಾರು ಮೈಲಿ ದೂರದಿಂದ ಬಂದವರಿಗೆ ಕಂಡಿತು.

ಬಳಿಕ ತಲೆಯೆತ್ತಿ ಮಾಡಿನ ಕಡೆ ನೋಡಬೇಕು. ಯಂತ್ರದ ಕೋಣೆಯ ಮೇಲೆ ಹೊಗೆಯ ಕೊಳವೆ ಕಂಡರೆ ಅದೊಂದು ಹಳೆಯ ಟಾಕೀಸೆಂಬುದಕ್ಕೆ ಬಲವಾದ ಸಾಕ್ಷಿ. ಹಿಂದಿನ ಪ್ರೊಜೆಕ್ಟರುಗಳಲ್ಲಿ ಬೆಳಕನ್ನು ಕೊಡುತ್ತಿದ್ದುದು ಬಲ್ಬಲ್ಲ, ಎರಡು ಇಂಗಾಲದ ಕಡ್ಡಿಗಳು. ಅವುಗಳ ತುದಿಗಳ ನಡುವೆ ವಿದ್ಯುತ್ತು ಹಾರುವಾಗ ಕಣ್ಣು ಕುಕ್ಕುವ ಬಿಳಿಯ ಜ್ವಾಲೆ ಉಂಟಾಗುತ್ತಿತ್ತು. ಉರಿದಂತೆಲ್ಲ ಕಡ್ಡಿ ಸವೆಯುತ್ತಿದ್ದುದರಿಂದ ಅಂತರವು ಹೆಚ್ಚುಕಡಿಮೆಯಾಗದಂತೆ ನೋಡಿಕೊಳ್ಳಬೇಕಾಗಿತ್ತು. ಅದರ ಹೊಗೆ ಹೊರಹೋಗಲೆಂದೇ ಆ ಕೊಳವೆ.

ಸಾಧ್ಯವಾದರೆ ವ್ಯವಸ್ಥಾಪಕರ ಅಪ್ಪಣೆ ಪಡೆದು ಯಂತ್ರದ ಕೋಣೆಯನ್ನೂ ನೋಡಬೇಕು. ಗೋಡೆಯಲ್ಲಿರುವ ಸಣ್ಣ ಸಣ್ಣ ಕಿಂಡಿಗಳಿಗೆ ಕಬ್ಬಿಣದ ಮುಚ್ಚಳಗಳಿರುತ್ತವೆ. ಒಂದು ಕಾಲದ ಫಿಲ್ಮು ನೈಟ್ರೇಟಿನಿಂದ ಮಾಡಿದ್ದು. ಕಿಡಿ ತಗುಲಿದರೆ ಭುಗಿಲ್ಲೆಂದು ಹೊತ್ತಿಕೊಳ್ಳುವಂಥದು. ಬೆಂಕಿ ಕೋಣೆಯನ್ನು ಬಿಟ್ಟು ಜನರಿರುವಲ್ಲಿಗೆ ದಾಟದಿರಲೆಂದು ಈ ಏರ್ಪಾಡು. ಒಳಗೆ ಎರಡು ಯಂತ್ರಗಳು ಜೋಡೆತ್ತುಗಳಂತೆ ನಿಂತಿರುತ್ತವೆ. 35 ಮಿಲಿಮೀಟರಿನ ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಆದುದರಿಂದ ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ. ಸಾವಿರ ಅಡಿಯ ಸುರುಳಿಗಳಲ್ಲಿ ಎಣಿಸಿದರೆ ಸುಮಾರು 14. ಒಂದು ಸುರುಳಿ ಮುಗಿಯುವ ಮುನ್ನ ತೆರೆಯ ಬಲಗಡೆಯ ಮೇಲ್ಮೂಲೆಯಲ್ಲಿ ಸಣ್ಣದೊಂದು ಚುಕ್ಕೆ ಮಿಂಚಿ ಮಾಯವಾಗುತ್ತಿತ್ತು. ಅದನ್ನು ಕಂಡೊಡನೆ ಆಪರೇಟರು ಎರಡನೆಯ ಯಂತ್ರವನ್ನು ಓಡಿಸುತ್ತಿದ್ದರು. ಕೆಲವು ಕ್ಷಣಗಳ ತರುವಾಯ ಎರಡನೆಯ ಚುಕ್ಕೆ ಮಿಂಚಿದಾಗ ಬೆಳಕನ್ನು ಆ ಯಂತ್ರಕ್ಕೆ ಬದಲಿಸುತ್ತಿದ್ದರು. ನೋಡುವವರಿಗೆ ಬದಲಾದುದು ತಿಳಿಯಬಾರದು. ಅದೇ ಅವರ ಕಸುಬಿನ ಹೆಗ್ಗಳಿಕೆ. ಚಿತ್ರ ಚೆನ್ನಾಗಿದ್ದ ದಿನ ಜನರು ನಟರನ್ನು ಹೊಗಳುತ್ತಿದ್ದರು. ಫಿಲ್ಮು ಕಡಿದ ದಿನ ಮಾತ್ರ ಎಲ್ಲರಿಗೂ ಆಪರೇಟರ ನೆನಪಾಗುತ್ತಿತ್ತು.

ಮಕ್ಕಳನ್ನು ಕರೆದುಕೊಂಡು ಹೋದವರು ಅವರಿಗೆ ತೆರೆಯನ್ನೂ ಹತ್ತಿರದಿಂದ ತೋರಿಸಬೇಕು. ಬಿಳಿಯ ಬಟ್ಟೆಯಂತೆ ಕಾಣುವ ಅದರ ಮೈತುಂಬ ಸೂಜಿಯ ಮೊನೆಯಷ್ಟು ಚಿಕ್ಕ ರಂಧ್ರಗಳಿರುತ್ತವೆ. ಧ್ವನಿಪೆಟ್ಟಿಗೆಗಳು ತೆರೆಯ ಹಿಂದಿರುವುದರಿಂದ, ಮಾತು ಆ ರಂಧ್ರಗಳ ಮೂಲಕ ಹಾಯ್ದು ನಟನ ಬಾಯಿಂದಲೇ ಹೊರಟಂತೆ ಕೇಳಿಸುತ್ತದೆ. ಪಾಠದ ಪುಸ್ತಕದಲ್ಲಿ ಓದಿದ ವಿಜ್ಞಾನಕ್ಕಿಂತ ಇದು ಅವರ ನೆನಪಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ.

ಕೊನೆಯದಾಗಿ, ನಡೆಯುತ್ತಿರುವ ಟಾಕೀಸಾದರೆ ಬರಿದೆ ನೋಡಿ ಬರಬಾರದು. ಟಿಕೆಟು ಕೊಂಡು ಒಂದು ಆಟವನ್ನು ನೋಡಿಯೇ ಬರಬೇಕು. ಚಿತ್ರ ಯಾವುದಾದರೂ ಆಗಲಿ.

ಬಾಗಿಲು ಮುಚ್ಚಿದ್ದೇಕೆ?

ಟಾಕೀಸುಗಳ ಇಳಿಗಾಲಕ್ಕೆ ಮಾಲೀಕರ ದುರಾಸೆಯೇ ಕಾರಣವೆಂದು ಹೇಳಿಬಿಡುವುದು ಸುಲಭ, ಅದು ನ್ಯಾಯವಲ್ಲ. 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರ ಪ್ರಾರಂಭವಾದ ಮೇಲೆ ಭಾನುವಾರದ ಸಂಜೆ ಮನೆಯೊಳಗೇ ಉಳಿಯಿತು. ಅದರ ಹಿಂದೆ ವಿಡಿಯೋ, 1990ರ ದಶಕದಲ್ಲಿ ಕೇಬಲ್ಲು, ಆ ಬಳಿಕ ಮಾಲುಗಳೊಳಗಿನ ಬಹುತೆರೆಯ ಮಂದಿರಗಳು, ಈಗ ಅಂಗೈಯಲ್ಲಿರುವ ದೂರವಾಣಿ. 2005ರ ಅನಂತರದ ಹತ್ತು ವರ್ಷಗಳೊಳಗೆ ಫಿಲ್ಮಿನ ಸುರುಳಿಗಳೇ ಹೋಗಿ ಡಿಜಿಟಲ್ ಯಂತ್ರಗಳು ಬಂದುವು. ಹೊಸ ಯಂತ್ರಕ್ಕೆ ಹಣ ಹೊಂದಿಸಲಾಗದ ಸಣ್ಣ ಊರಿನ ಮಾಲೀಕರು ಅಲ್ಲಿಗೇ ಬಾಗಿಲು ಹಾಕಿದರು. ಉಳಿದವರಿಗೆ 2020ರ ಮಾರ್ಚಿಯಲ್ಲಿ ಮಹಾಮಾರಿಯ ಪೆಟ್ಟು ಬಿದ್ದಿತು. ಆ ವರ್ಷ ಅಕ್ಟೋಬರಿನಲ್ಲಿ ಮತ್ತೆ ಬಾಗಿಲು ತೆರೆಯಲು ಅಪ್ಪಣೆ ದೊರೆತದ್ದು ಅರ್ಧದಷ್ಟು ಆಸನಗಳಿಗೆ ಮಾತ್ರ.

ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡಬಹುದು. 800 ಆಸನಗಳ ಟಾಕೀಸಿನಲ್ಲಿ ವಾರದ ನಡುವಣ ಒಂದು ಆಟಕ್ಕೆ 40 ಮಂದಿ ಬಂದರೆಂದೂ ಟಿಕೆಟಿಗೆ 80 ರೂಪಾಯಿ ಎಂದೂ ಇಟ್ಟುಕೊಂಡರೆ ಕೈಗೆ ಬಂದುದು 3,200 ರೂಪಾಯಿ. ಅದರಲ್ಲಿ ತೆರಿಗೆ, ಹಂಚಿಕೆದಾರರ ಪಾಲು, ವಿದ್ಯುತ್ತು, ಸಿಬ್ಬಂದಿಯ ಸಂಬಳ ಇವೆಲ್ಲವೂ ತೀರಬೇಕು. 40 ಮಂದಿ ಬಂದರೂ 800 ಮಂದಿ ಬಂದರೂ ಯಂತ್ರಕ್ಕೆ ಬೇಕಾದ ವಿದ್ಯುತ್ತು ಅಷ್ಟೇ. ಗುಡಿಸಬೇಕಾದ ನೆಲವೂ ಅಷ್ಟೇ. ಇನ್ನೊಂದು ಕಡೆ, ಊರ ಹೊರಗೆಂದು ಹಿಂದೆ ಅಗ್ಗಕ್ಕೆ ಕೊಂಡ ಜಾಗವು ಈಗ ಊರ ನಡುವೆ ಬಂದಿರುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಪ್ರಾರಂಭವಾದ ಮೇಲೆ ಬಳ್ಳಾರಿ ರಸ್ತೆಯ ಉದ್ದಕ್ಕೂ ಭೂಮಿಯ ಬೆಲೆ ಹೇಗೆ ಏರಿತೆಂಬುದನ್ನು ಹೆಬ್ಬಾಳ, ಯಲಹಂಕಗಳ ನಿವಾಸಿಗಳಿಗೆ ಹೇಳಬೇಕಾದುದಿಲ್ಲ. ಇಂಥ ಜಾಗದಲ್ಲಿ ನಷ್ಟದ ಟಾಕೀಸನ್ನು ನಡೆಸುವ ಮಾಲೀಕನು ದಿನದಿನವೂ ಒಂದು ತ್ಯಾಗವನ್ನು ಮಾಡುತ್ತಿದ್ದಾನೆಂದೇ ಹೇಳಬೇಕು. ಆತನ ಮಕ್ಕಳೂ ಅದೇ ತ್ಯಾಗವನ್ನು ಮುಂದುವರಿಸಬೇಕೆಂದು ನಿರೀಕ್ಷಿಸಲು ನಮಗೆ ಯಾವ ಅಧಿಕಾರವಿದೆ?

ರಾಜಧಾನಿಯ ದೊಡ್ಡ ಟಾಕೀಸುಗಳಿಗೂ ಇದೇ ಗತಿಯಾಯಿತು. 1968ರಲ್ಲಿ ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ, 1,400ಕ್ಕೂ ಮಿಕ್ಕ ಆಸನಗಳ ಗಾಂಧಿನಗರದ ಕಪಾಲಿ ಚಿತ್ರಮಂದಿರವು 2017ರಲ್ಲಿ ಕೊನೆಯ ಆಟವನ್ನು ಮುಗಿಸಿತು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ವನ್ನು ಎರಡು ವರ್ಷಗಳ ಕಾಲ ಓಡಿಸಿದ ಕೀರ್ತಿ ಸ್ಟೇಟ್ಸ್ ಟಾಕೀಸಿನದು, ಕೆಂಪೇಗೌಡ ರಸ್ತೆಯಲ್ಲಿ ಸಾಲಾಗಿ ಹೊಳೆಯುತ್ತಿದ್ದ ಅಂಥ ದೀಪಗಳಲ್ಲಿ ಎಷ್ಟೋ ಈಗ ಆರಿವೆ.

ಉಳಿಸುವುದೆಂದರೇನು?

ಹಳೆಯ ಕಟ್ಟಡವೆಂದೊಡನೆ ಪ್ರಾಚ್ಯವಸ್ತು ಇಲಾಖೆಯ ನೆನಪಾಗುವುದು ಸಹಜ. ಆದರೆ ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಅನ್ವಯಿಸುವುದು ಕನಿಷ್ಠ ನೂರು ವರ್ಷ ತುಂಬಿದವುಗಳಿಗೆ. ನಮ್ಮ ಊರುಗಳ ಟಾಕೀಸುಗಳಲ್ಲಿ ಬಹುತೇಕವು ಇನ್ನೂ ಆ ವಯಸ್ಸನ್ನು ಮುಟ್ಟಿಲ್ಲ. ಮುಟ್ಟುವವರೆಗೆ ನಿಂತಿರುವ ಭರವಸೆಯೂ ಇಲ್ಲ. ಆದುದರಿಂದ ಬೇರೆ ದಾರಿಗಳನ್ನು ಹುಡುಕಬೇಕು. ಅವು ಇಲ್ಲದೆಯೂ ಇಲ್ಲ.

ಬೆಂಗಳೂರಿನ ಬ್ರಿಗೇಡ್ ರಸ್ತೆಯ ಮೂಲೆಯಲ್ಲಿರುವ ಆಪೆರಾ ಹೌಸು ಬ್ರಿಟಿಷರ ಕಾಲದಲ್ಲಿ ನಾಟಕ, ಸಂಗೀತಗಳಿಗೆಂದು ಎದ್ದು, ಬಳಿಕ ಚಿತ್ರಮಂದಿರವಾಗಿ, ಅನಂತರ ಬಹುಕಾಲ ಪಾಳುಬಿದ್ದಿತ್ತು. ವಿದ್ಯುನ್ಮಾನ ಸಾಮಗ್ರಿಗಳ ಕಂಪೆನಿಯಾದ ಸ್ಯಾಮ್‌ಸಂಗ್ ಅದನ್ನು ಜೀರ್ಣೋದ್ಧಾರ ಮಾಡಿ 2018ರಲ್ಲಿ ತನ್ನ ಪ್ರದರ್ಶನ ಮಳಿಗೆಯಾಗಿ ತೆರೆಯಿತು. ದೇಹವುಳಿಯಿತು, ಕಸುಬು ಬದಲಾಯಿತು. ಇದು ಒಂದು ದಾರಿ. ಕೆಡವುವುದಕ್ಕಿಂತ ಎಷ್ಟೋ ಮೇಲು.

ದೆಹಲಿಯ ಡಿಲೈಟ್ ಚಿತ್ರಮಂದಿರ ಇನ್ನೊಂದು ದಾರಿಯನ್ನು ಹಿಡಿಯಿತು. 1954ರಲ್ಲಿ ಪ್ರಾರಂಭವಾದ ಆ ಮಂದಿರವನ್ನು 2006ರಲ್ಲಿ ನವೀಕರಿಸಿ, ಒಂದು ತೆರೆಯಿದ್ದಲ್ಲಿ ಎರಡು ತೆರೆಗಳನ್ನು ಮಾಡಿಕೊಂಡರು. ಅತಿ ದೊಡ್ಡದಾದ ಅಂಗಣವೇ ಭಾರವಾದಾಗ ಅದನ್ನು ಭಾಗ ಮಾಡಿಕೊಂಡು ಬದುಕುವ ಉಪಾಯವಿದು. ಮುಂಬಯಿಯ ರಾಯಲ್ ಆಪೆರಾ ಹೌಸಿನದು ಮೂರನೆಯ ದಾರಿ. 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ ಆ ಮಂದಿರವು 1993ರಲ್ಲಿ ಮುಚ್ಚಿ, ಬಹುವರ್ಷಗಳ ಜೀರ್ಣೋದ್ಧಾರದ ತರುವಾಯ 2016ರಲ್ಲಿ ಸಂಗೀತ, ನಾಟಕ, ಚಲನಚಿತ್ರ ಎಲ್ಲಕ್ಕೂ ಮರಳಿ ತೆರೆಯಿತು.

ಇವೆಲ್ಲ ಮಹಾನಗರದ ಮಾತಾಯಿತು. ಸಣ್ಣ ಊರಿಗೆ ಇಷ್ಟು ಹಣವೆಲ್ಲಿಂದ ಬರಬೇಕೆಂದು ಕೇಳುವವರಿಗೆ ಫ್ರಾನ್ಸ್ ದೇಶದ ಸಮುದ್ರತೀರದ ಸಣ್ಣ ಊರಾದ ಲಾ ಸಿಯೊತಾದ ಈಡನ್ ಥಿಯೇಟರನ್ನು ತೋರಿಸಬಹುದು. 1889ರಲ್ಲಿ ಕಟ್ಟಿದ ಆ ಮಂದಿರದಲ್ಲಿ ಸಿನಿಮಾದ ಜನಕರಾದ ಲೂಮಿಯೇರ್ ಸಹೋದರರ ಚಿತ್ರಗಳು 1899ರಲ್ಲಿ ಪ್ರದರ್ಶಿತವಾದುವು. 1995ರಲ್ಲಿ ಅದು ಮುಚ್ಚಿತು. ಊರಿನ ಅಭಿಮಾನಿಗಳು ಬಿಡದೆ ದುಡಿದರು, ಪೌರಾಡಳಿತ ಕೈಜೋಡಿಸಿತು, 2013ರಲ್ಲಿ ಬಾಗಿಲು ಮತ್ತೆ ತೆರೆಯಿತು. ಈಗ ಜಗತ್ತಿನ ಅತ್ಯಂತ ಹಳೆಯ ಸಿನಿಮಾ ಮಂದಿರಗಳಲ್ಲಿ ಒಂದೆಂದು ಜನರು ಅದನ್ನು ಹುಡುಕಿಕೊಂಡು ಬರುತ್ತಾರೆ.

ಕಟ್ಟಡವನ್ನು ಉಳಿಸುವಷ್ಟೇ ಮುಖ್ಯವಾದುದು ಪ್ರೇಕ್ಷಕರನ್ನು ಬೆಳೆಸುವುದು. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋದರೆ ಸಾಕು. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, 1970ರ ದಶಕದ ಕೊನೆಯ ವರ್ಷಗಳಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ರೈತರಿಗೂ ಕೂಲಿಗಾರರಿಗೂ ತೋರಿಸಿತು. ಹಳ್ಳಿಯವರಿಗೆ ಅದೆಲ್ಲ ರುಚಿಸದೆಂದು ತಿಳಿದಿದ್ದ ಪಂಡಿತರ ಮಾತು ಸುಳ್ಳಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸಣ್ಣ ಊರಿನ ಟಾಕೀಸು ವಾರದಲ್ಲಿ ಒಂದು ಬೆಳಗನ್ನು ಶಾಲೆಯ ಮಕ್ಕಳಿಗೆ, ಒಂದು ಸಂಜೆಯನ್ನು ಹಳೆಯ ಕನ್ನಡ ಚಿತ್ರಗಳಿಗೆ, ಇನ್ನೊಂದನ್ನು ಊರಿನ ನಾಟಕಕ್ಕೆ ಕೊಟ್ಟರೆ, ಅದು ಬರಿಯ ಸಿನಿಮಾ ಮಂದಿರವಾಗಿ ಉಳಿಯದೆ ಊರಿನ ಸಭಾಂಗಣವಾದೀತು. ಸರ್ಕಾರವೂ ಕೈ ನೀಡಬಹುದು. 2025ರ ಸೆಪ್ಟೆಂಬರಿನಿಂದ 100 ರೂಪಾಯಿಯೊಳಗಿನ ಟಿಕೆಟಿನ ಮೇಲಣ ಜಿ.ಎಸ್.ಟಿ.ಯನ್ನು ಶೇಕಡ 12ರಿಂದ 5ಕ್ಕೆ ಇಳಿಸಿರುವುದು ಸಣ್ಣ ಊರಿನ ಟಾಕೀಸುಗಳಿಗೆ ಚಿಕ್ಕದಾದರೂ ನಿಜವಾದ ನೆರವು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಕೂಡದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಮಂದಿ ಸತ್ತರು. ಹಳೆಯದೆಂಬ ಪ್ರೀತಿಗೆ ಕಟ್ಟುಬಿದ್ದು ಹಳೆಯ ತಂತಿಗಳನ್ನೂ ಇಕ್ಕಟ್ಟಾದ ಬಾಗಿಲುಗಳನ್ನೂ ಹಾಗೆಯೇ ಬಿಡುವುದು ರಕ್ಷಣೆಯಲ್ಲ, ಅಪರಾಧ. ಮುಂಭಾಗದ ಗಾರೆಯ ಕಮಲವನ್ನು ಉಳಿಸಬೇಕು. ಒಳಗಿನ ವಿದ್ಯುತ್ತಿನ ತಂತಿಯನ್ನು ಹೊಸದಾಗಿ ಎಳೆಯಬೇಕು. ಎರಡೂ ಆಗಬೇಕಾದ ಕೆಲಸವೇ.

ಸಂಸಾರವಂದಿಗರು ಮಾಡಬಹುದಾದುದು

ಮಾಲೀಕರಲ್ಲದವರು, ಶ್ರೀಮಂತರಲ್ಲದವರು, ಸರ್ಕಾರದಲ್ಲಿ ಇಲ್ಲದವರು ಮಾಡಬಹುದಾದುದೇನು? ಮೊದಲನೆಯದು, ಮೇಲೆ ಹೇಳಿದ ಟಿಕೆಟಿನ ಮಾತು. ತಿಂಗಳಿಗೊಮ್ಮೆ, ಮನೆಮಂದಿಯೆಲ್ಲ ಒಟ್ಟಾಗಿ, ಮಾಲಿನ ಬದಲು ಬಡಾವಣೆಯ ಹಳೆಯ ಟಾಕೀಸಿಗೆ ಹೋಗಬಹುದು. ಕುರ್ಚಿ ಕೊಂಚ ಗಟ್ಟಿಯಿದ್ದೀತು. ಫ್ಯಾನು ಕೊಂಚ ಕಿರುಗುಟ್ಟೀತು. ಮಧ್ಯಂತರದ ಬೋಂಡಕ್ಕೆ ಮಾಲಿನ ದರವಿರುವುದಿಲ್ಲವೆಂಬುದು ಇದಕ್ಕೆ ಪರಿಹಾರ.

ಎರಡನೆಯದು, ದಾಖಲೆ. ಕಟ್ಟಡವನ್ನು ಉಳಿಸಲು ಲಕ್ಷಗಟ್ಟಲೆ ಹಣ ಬೇಕು. ನೆನಪನ್ನು ಉಳಿಸಲು ಒಂದು ಭಾನುವಾರ ಸಾಕು. ಮುಂಭಾಗ, ಟಿಕೆಟಿನ ಕಿಟಕಿ, ದರದ ಫಲಕ, ಮೆಟ್ಟಿಲು, ಯಂತ್ರದ ಕೋಣೆ, ಖಾಲಿ ಅಂಗಣ: ಅಪ್ಪಣೆ ಪಡೆದು ಇಷ್ಟರ ಚಿತ್ರಗಳನ್ನು ತೆಗೆದುಕೊಂಡು, ಊರು, ದಿನಾಂಕಗಳನ್ನು ಬರೆದಿಡಬೇಕು. ದಿನಾಂಕವಿಲ್ಲದ ಚಿತ್ರ ಅರ್ಧ ಚಿತ್ರ. ಹಳೆಯ ಆಪರೇಟರೋ ಗೇಟ್‌ಕೀಪರೋ ದೊರೆತರೆ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು: ಯಾವ ವರ್ಷ ಕೆಲಸಕ್ಕೆ ಸೇರಿದರು, ಯಂತ್ರ ಯಾವ ಕಂಪೆನಿಯದು, ಯಾವ ಚಿತ್ರಕ್ಕೆ ಜನರು ಮುಗಿಬಿದ್ದರು, ಕೊನೆಯ ಸುರುಳಿಯನ್ನು ಎಂದು ಓಡಿಸಿದರು. ಹತ್ತು ಪ್ರಶ್ನೆಗಳು, ಅರ್ಧ ಗಂಟೆ. ಮನೆಯ ಅಟ್ಟದಲ್ಲಿ ಅಜ್ಜಿಯ ಟ್ರಂಕಿನ ತಳದಲ್ಲಿ ಚಿತ್ರದ ಹಾಡಿನ ಪುಸ್ತಕವೋ ಹ್ಯಾಂಡ್‌ಬಿಲ್ಲೋ ಇದ್ದರೆ ಅದನ್ನು ಹಳೆಯ ಕಾಗದದ ಜೊತೆ ತೂಕಕ್ಕೆ ಹಾಕಬಾರದು. ಯಾವ ಊರಿನ ಯಾವ ಟಾಕೀಸಿನಲ್ಲಿ ಯಾವ ಚಿತ್ರ ಎಂದು ನಡೆಯಿತೆಂಬುದಕ್ಕೆ ಕೆಲವೊಮ್ಮೆ ಆ ಒಂದು ಚೀಟಿಯೇ ಸಾಕ್ಷಿ.

ಮೂರನೆಯದು, ಮಾಲೀಕರೊಡನೆ ಮಾತು. ಹಳೆಯ ಟಾಕೀಸೊಂದು ಮುಚ್ಚಲಿದೆಯೆಂಬ ಸುದ್ದಿ ಕಿವಿಗೆ ಬಿದ್ದಾಗ, ನಿವಾಸಿಗಳ ಸಂಘದವರು ಹೋಗಿ, ಹೊಸ ಕಟ್ಟಡ ಎದ್ದರೂ ಹಳೆಯ ಮುಂಭಾಗವನ್ನೋ ಹೆಸರಿನ ಅಕ್ಷರಗಳನ್ನೋ ಒಂದು ಯಂತ್ರವನ್ನೋ ಒಳಗೆ ಉಳಿಸಿಕೊಳ್ಳುವಂತೆ ಕೇಳಿಕೊಳ್ಳಬಹುದು. ಕೆಡವುವವರ ಕೈಗೆ ಸಿಕ್ಕಿದ ಪ್ರೊಜೆಕ್ಟರು ಗುಜರಿ ಅಂಗಡಿಯಲ್ಲಿ ಬರಿಯ ಕಬ್ಬಿಣ. ಶಾಲೆಯ ವಿಜ್ಞಾನ ಕೋಣೆಯಲ್ಲಿ ಅದೊಂದು ಪಾಠ.

ಇದೆಲ್ಲ ಏತಕ್ಕೆಂದು ಕೇಳುವವರು ‘ಸತಿ ಸುಲೋಚನ’ದ ಗತಿಯನ್ನು ನೆನೆಯಬೇಕು. ರಾಷ್ಟ್ರೀಯ ಚಲನಚಿತ್ರ ಭಂಡಾರವು ಪುಣೆಯಲ್ಲಿ ಸ್ಥಾಪನೆಯಾದುದು 1964ರಲ್ಲಿ, ಆ ಚಿತ್ರ ಬಂದ ಮೂವತ್ತು ವರ್ಷಗಳ ಮೇಲೆ. ಕನ್ನಡದ ಮೊದಲ ವಾಕ್ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದು ತೆರೆಕಂಡ ಪ್ಯಾರಮೌಂಟ್ ಹೆಸರಿನ ಮಂದಿರವೂ ಉಳಿದಿಲ್ಲ. ಉಳಿದಿರುವುದು ನಟರ ಹೆಸರು, ಟಾಕೀಸಿನ ಹೆಸರು, ಮಾರ್ಚ್ 3 ಎಂಬ ತಾರೀಖು. ಇಷ್ಟಾದರೂ ಉಳಿದದ್ದು ಯಾರೋ ಆಗ ಅದನ್ನು ಬರೆದಿಟ್ಟುದರಿಂದ. ರಾಜಧಾನಿಯ ಮೊದಲ ಚಿತ್ರಕ್ಕೆ ಇಷ್ಟು ದೊರೆಯಿತು. ಊರೂರಿನ ಟಾಕೀಸುಗಳಿಗೆ ಇದೂ ದೊರೆತಿಲ್ಲ. ಅವುಗಳ ಕಥೆಯನ್ನು ಬಲ್ಲ ಆಪರೇಟರುಗಳಲ್ಲಿ ಅನೇಕರು ಎಪ್ಪತ್ತು ದಾಟಿದ್ದಾರೆ. ಕೇಳಲು ಹೋಗುವವರಿದ್ದರೆ, ಹೇಳಲು ಅವರು ಸಿದ್ಧರಾಗಿಯೇ ಇದ್ದಾರೆ.